ಹವಾ ಹಿಡಿದ ಮನಿ-ಗಾಡಿ

ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ನನ್ನ ಕೈಗೆ ಎರಡು ವಸ್ತು ಸಿಕ್ಕವು: ಪುರುಸೊತ್ತು ಮತ್ತು ಮಗನ ಹಳೆಯ ಮೊಬೈಲು. ಪರದೇಶದ ಮುದುಕ ಮುದುಕಿಯರು ಗಾಡಿಯೊಳಗೇ ಅಡುಗೆ ಮಾಡಿ, ಉಂಡು, ಮಲಗಿ ದೇಶ ಸುತ್ತುವುದನ್ನು ಅದರಲ್ಲಿ ನೋಡಿ ನೋಡಿ ನನಗೂ ಹುಚ್ಚು ಹತ್ತಿತು. ಇಂಡಿಯಲ್ಲಿ ಲಿಂಬೆಹಣ್ಣು ಹೊತ್ತು ಹೊತ್ತು ಸವೆದ ಹಳೆಯ ಡೀಸೆಲ್ ವ್ಯಾನೊಂದು ಅಗ್ಗಕ್ಕೆ ಸಿಕ್ಕಿತು. ಬಡಿಗೇರನನ್ನು ಕರೆಸಿ ಒಳಗೆ ಮಂಚ ಹಾಕಿಸಿದೆ, ಗ್ಯಾಸ್ ಒಲೆಗೆ ಕಟ್ಟೆ ಮಾಡಿಸಿದೆ, ಕಿಟಕಿಗೆ ಹೆಂಡತಿಯ ಹಳೆ ಇಳಕಲ್ ಸೀರೆ ಇಳಿಬಿಟ್ಟೆ. ಓಣಿಯವರು ಅದಕ್ಕೆ ಮನಿ-ಗಾಡಿ ಎಂದು ಹೆಸರಿಟ್ಟರು. "ಯಾಕ್ರೀ ಸರ, ಮನ್ಯಾಗ ಏನರೆ ಜಗಳ ಆಗೇತೇನು?" ಎಂದು ಸಣ್ಣ ದನಿಯಲ್ಲಿ ವಿಚಾರಿಸಿದವರೂ ಉಂಟು.

ನಿಜ ನೋಡಿದರೆ ಇದು ನಮ್ಮ ಸೀಮೆಗೆ ಹೊಸದಲ್ಲ. ನಮ್ಮಜ್ಜ ಚಕ್ಕಡಿಗೆ ತಟ್ಟಿ ಕಟ್ಟಿ, ರೊಟ್ಟಿ ಗಂಟು ಹೇರಿ, ಮನೆಮಂದಿಯನ್ನೆಲ್ಲ ಕೂಡಿಸಿಕೊಂಡು ಎಲ್ಲಮ್ಮನ ಗುಡ್ಡಕ್ಕೆ ಹೋಗಿಬರುತ್ತಿದ್ದ. ಎತ್ತಿಗೆ ಮೇವು, ಗಾಲಿಗೆ ಕೀಲೆಣ್ಣೆ. ಅಲ್ಲಿಗೆ ಅವನ ಮೆಕ್ಯಾನಿಕ್ ವಿದ್ಯೆ ಮುಗಿಯುತ್ತಿತ್ತು. ನನ್ನದು ಅಲ್ಲಿಂದ ಶುರುವಾಯಿತು, ಅದೇ ಫಜೀತಿ.

ಮೊದಲ ಪ್ರವಾಸದ ನಕ್ಷೆ ತಯಾರಾಯಿತು. ಇಂಡಿಯಿಂದ ಸಿಂದಗಿ, ದೇವರ ಹಿಪ್ಪರಗಿ ಮೇಲೆ ಹಾಯ್ದು ಬಸವನ ಬಾಗೇವಾಡಿಯಲ್ಲಿ ವಸ್ತಿ, ಮರುದಿನ ಮುದ್ದೇಬಿಹಾಳದಲ್ಲಿ ಹೆಂಡತಿಯ ತಂಗಿಯ ಮನೆಯಲ್ಲಿ ಊಟ. ಹೊರಡುವ ಹಿಂದಿನ ದಿನ, ಡೀಸೆಲ್ ಫಿಲ್ಟರ್ ಬದಲಿಸಲು ಗ್ಯಾರೇಜಿಗೇಕೆ ದುಡ್ಡು ಸುರಿಯಬೇಕೆಂದು ನಾನೇ ಪಾನಾ ಹಿಡಿದೆ.

ಕೆಲಸ ಸಣ್ಣದು, ಆದರೆ ಅದರ ಹಿಂದಿನ ಮಾತು ದೊಡ್ಡದು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಸಿಲಿಂಡರಿನಲ್ಲಿ ಗಾಳಿಯನ್ನು ಒತ್ತಿ ಒತ್ತಿ ಕೆಂಡದಂತೆ ಕಾಯಿಸಿ, ಅದರೊಳಗೆ ನಾಝಲ್ಲಿನ ಕೂದಲೆಳೆಯಂಥ ತೂತಿನಿಂದ ಡೀಸೆಲ್ ಚಿಮ್ಮಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಆ ತೂತಿಗೆ ನಮ್ಮ ಎರಿ ಹೊಲದ ಧೂಳಿನ ಒಂದು ಕಣವೂ ಬಂಡೆಗಲ್ಲೇ. ಮನುಷ್ಯನ ಕೂದಲಿನ ದಪ್ಪ ಸುಮಾರು 70 ಮೈಕ್ರಾನ್. ಫಿಲ್ಟರಿನ ಕಾಗದ 10 ಮೈಕ್ರಾನಿನ ಕಸವನ್ನೂ ಹಿಡಿದು ಕೂರಿಸುತ್ತದೆ. ನನ್ನ ಗಾಡಿಗೆ ಇಂಥವು ಎರಡು: ಟಾಕಿಗೂ ಡೀಸೆಲ್ ಎಳೆಯುವ ಪಂಪಿಗೂ ನಡುವೆ ನೀರು, ಕಸ ತಡೆಯುವುದೊಂದು, ಪಂಪು ದಾಟಿದ ಮೇಲೆ ಸಣ್ಣಗೆ ಸೋಸುವುದು ಇನ್ನೊಂದು. ಎರಡನ್ನೂ ಬಿಚ್ಚಿದೆ, ಹೊಸದು ಕೂಡಿಸಿದೆ, ಹ್ಯಾಂಡ್ ಪಂಪ್ ಒತ್ತಿದೆ, ಎಂಜಿನ್ ಎದ್ದಿತು. ನೆಲದ ಮೇಲೆ ಹಾಳೆ ಹಾಸಿ ಹೆಂಡತಿಯನ್ನು ಕರೆದು ತೋರಿಸಿದೆ: "ನೋಡು, ಒಂದ್ ಹನಿ ಸೋರಿಲ್ಲ!"

ಸಿಂದಗಿಯಲ್ಲಿ ಚಹಾ ಕುಡಿದು ಬರುವಷ್ಟರಲ್ಲಿ ನಮ್ಮ ಮಂಚದ ಮೇಲೆ ಒಬ್ಬ ಅಜ್ಜಿ ಗಂಟಿನೊಡನೆ ಪವಡಿಸಿದ್ದಳು. "ಹೂವಿನ ಹಿಪ್ಪರಗಿಗೆ ಎಷ್ಟೋ ಯಪ್ಪಾ?" ಎಂದಳು. ಇದು ಬಾಡಿಗೆ ಗಾಡಿಯಲ್ಲ, ಮನೆ ಎಂದೆ. "ಮನಿ ಅಂದಮ್ಯಾಲ ಬಂದವರಿಗೆ ಕುಂಡ್ರು ಅನ್ನಬೇಕಪಾ" ಎಂದು ಆಕೆ ಕಾಲು ಚಾಚಿದಳು. ವಾದಕ್ಕೆ ಎಡೆ ಉಳಿಯಲಿಲ್ಲ.

ದೇವರ ಹಿಪ್ಪರಗಿ ದಾಟಿ ಡೋಣಿ ಸೀಮೆಯ ಬಿಳಿಜೋಳದ ಹೊಲಗಳ ನಡುವೆ ಗಾಡಿ ಒಮ್ಮೆ ಕೆಮ್ಮಿತು, ಎರಡು ಸಲ ಬಿಕ್ಕಿತು, ನಿಂತೇಬಿಟ್ಟಿತು. ಕೀಲಿ ತಿರುಗಿಸಿದರೆ ಕುಂಯ್ ಕುಂಯ್, ಅಷ್ಟೇ. ಕೈಯಲ್ಲಿ ಏನೂ ಆಗದಿದ್ದಾಗ ಮಾಸ್ತರನಾದವನು ಪಾಠ ಮಾಡುತ್ತಾನೆ. ನಾನೂ ಮಾಡಿದೆ. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರನ ಕಥೆ ತೆಗೆದೆ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಅವನ ಬಗೆಯ ಎಂಜಿನ್ ಒಂದನ್ನು ಶೇಂಗಾ ಎಣ್ಣೆಯ ಮೇಲೆ ಓಡಿಸಿ ತೋರಿಸಿದ್ದರು ಎಂದು ಹೇಳಿದೆ. ಹೆಂಡತಿ ಬುತ್ತಿ ಬಿಚ್ಚುತ್ತ, "ಶೇಂಗಾ ಚಟ್ನಿ ಐತಿ, ಹಾಕಿ ನೋಡ್ತೀರೇನು?" ಎಂದಳು. ಅಜ್ಜಿ ತನ್ನ ತೀರ್ಪು ಕೊಟ್ಟಳು: "ಎತ್ತಾಗಿದ್ರ ಇಷ್ಟೊತ್ತಿಗೆ ಬಾಲಾ ತಿರುವಿ ಎಬ್ಬಸ್ತಿದ್ವಿ."

ಅಷ್ಟರಲ್ಲಿ ಟ್ರ್ಯಾಕ್ಟರಿನ ಹುಡುಗನೊಬ್ಬ ತಾನಾಗಿ ನಿಲ್ಲಿಸಿದ. ಇಪ್ಪತ್ತರ ವಯಸ್ಸು, ಕಿವಿಯ ಮೇಲೆ ಬೀಡಿ. ಬಾನೆಟ್ ಎತ್ತಿ ಒಂದು ಗಳಿಗೆ ನೋಡಿದವನೇ ಹೇಳಿದ: "ಕಾಕಾ, ಹವಾ ಹಿಡದೈತ್ರಿ."

ನಮ್ಮ ಕಡೆ ಹವಾ ಎಂದರೆ ಗಾಳಿಯೂ ಹೌದು, ಡೌಲೂ ಹೌದು. ಅವನು ಯಾವುದರ ಬಗ್ಗೆ ಹೇಳಿದ ಎಂದು ನನಗೆ ಕ್ಷಣ ಅನುಮಾನವಾಯಿತು. ಅವನು ಮೊದಲ ಫಿಲ್ಟರ್ ಬಿಚ್ಚಿ, ಅದು ಕೂರುವ ಜಾಗದಲ್ಲಿ ಬೆರಳಾಡಿಸಿ, ಕಪ್ಪು ರಬ್ಬರ್ ರಿಂಗೊಂದನ್ನು ಎಬ್ಬಿಸಿ ತೆಗೆದ. ಹಳೆಯ ಫಿಲ್ಟರಿನದು! ಅದು ಅಲ್ಲೇ ಅಂಟಿಕೊಂಡಿತ್ತು, ನಾನು ಅದರ ಮೇಲೇ ಹೊಸದನ್ನು ಕೂಡಿಸಿದ್ದೆ. "ಇದು ಎಳಿಯೂ ಕಡಿ ಐತ್ರಿ ಕಾಕಾ. ಇಲ್ಲಿ ಸಂದಾದ್ರ ಡೀಸೆಲ್ ಹೊರಗ ಬರೂದಿಲ್ಲ, ಹವಾ ಒಳಗ ಹೊಕ್ಕೈತಿ." ಒಂದು ಹನಿಯೂ ಸೋರಿಲ್ಲವೆಂದು ಹಾಳೆ ಹಾಸಿ ಮೆರೆದದ್ದು ನೆನಪಾಯಿತು. ಡೀಸೆಲ್ಲನ್ನು ಒತ್ತಿದರೆ ಅದು ಮುಂದೆ ನುಗ್ಗುತ್ತದೆ. ಹವಾವನ್ನು ಒತ್ತಿದರೆ ಸ್ಪ್ರಿಂಗಿನ ಹಾಗೆ ಕುಗ್ಗಿ ಕೂರುತ್ತದೆ, ನಾಝಲ್ ಬಾಯಿಯೇ ಬಿಡುವುದಿಲ್ಲ.

"ಇದನ್ನ ಯಾವ ಮೇಸ್ತ್ರಿ ಹಾಕ್ಯಾನ್ರಿ?" ಎಂದು ಹುಡುಗ ಕೇಳಿದ. ನಾನು ಜೋಳದ ತೆನೆ ನೋಡುತ್ತ ನಿಂತೆ. "ಅವನ ಕಡೆ ಇನ್ನೊಮ್ಮೆ ಹೋಗಬ್ಯಾಡ್ರಿ." "ಇಲ್ಲಪಾ, ಹೋಗಂಗಿಲ್ಲ" ಎಂದೆ. ಹೆಂಡತಿ ಸೆರಗು ಬಾಯಿಗೆ ಹಿಡಿದಳು.

ಮೇಲಿನ ಸಣ್ಣ ಸ್ಕ್ರೂ ಸಡಿಲಿಸಿ ಅವನು ಹ್ಯಾಂಡ್ ಪಂಪ್ ಒತ್ತತೊಡಗಿದ. ಮೊದಲು ಪುಸ್ ಪುಸ್, ಆಮೇಲೆ ಸೋಡಾದಂಥ ನೊರೆ, ನಡುನಡುವೆ ದಪ್ಪ ಗುಳ್ಳೆ, ಕೊನೆಗೆ ಗುಳ್ಳೆಯಿಲ್ಲದ ತಿಳಿ ಧಾರೆ. ಆಗ ಸ್ಕ್ರೂ ಬಿಗಿ ಮಾಡಿದ. "ಮೈಕೋ ಪಂಪ್ ಐತಿ, ಏನೂ ಆಗಿಲ್ಲ ಬಿಡ್ರಿ." 1951ರಲ್ಲಿ ಹುಟ್ಟಿದ ಬೆಂಗಳೂರಿನ ಮೈಕೋ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿದೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಕೀಲಿ ತಿರುಗಿಸಿದೆ, ಗಾಡಿ ಗುಡುಗಿತು. ಹುಡುಗ ರೊಕ್ಕ ಮುಟ್ಟಲಿಲ್ಲ. ಎರಡು ಕಟಕ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಸಿಕೊಂಡು ಹೋದ. ಪ್ಯಾರಿಸ್ಸಿನಲ್ಲಿ ಓಡಿದ ಇಂಧನ ನಮ್ಮಲ್ಲಿಯೂ ಓಡಿತು ಎನ್ನಿ.

ಬಸವಣ್ಣನವರು ಹುಟ್ಟಿದೂರು ಬಾಗೇವಾಡಿಯ ಗುಡಿಯಲ್ಲಿ ಆ ರಾತ್ರಿ ಕೈಮುಗಿದಾಗ ನನ್ನ ಬೆರಳಿನಿಂದ ವಿಭೂತಿಗಿಂತ ಡೀಸೆಲ್ ವಾಸನೆಯೇ ಹೆಚ್ಚು ಬರುತ್ತಿತ್ತು. ಮುದ್ದೇಬಿಹಾಳದಲ್ಲಿ ತಂಗಿಯ ಮುಂದೆ ಹೆಂಡತಿ ಕಥೆಯನ್ನೆಲ್ಲ ಬಿಚ್ಚಿ ಕೊನೆಗೆ ಒಂದು ಮಾತು ಸೇರಿಸಿದಳು: "ಮೂವತ್ತು ವರ್ಷದಿಂದ ಕುಕ್ಕರಿನ ರಿಂಗ್ ಬದಲಿ ಮಾಡಾಕತ್ತೀನಿ. ಹಳೇದರ ಮ್ಯಾಲ ಹೊಸಾದು ಒಮ್ಮೆಯೂ ಹಾಕಿಲ್ಲ ನೋಡವಾ."

ಆ ರಬ್ಬರ್ ರಿಂಗು ಈಗ ನಮ್ಮ ಅಡುಗೆಮನೆಯ ಮೊಳೆಗೆ, ಕುಕ್ಕರ್ ರಿಂಗಿನ ಪಕ್ಕ ನೇತಾಡುತ್ತಿದೆ. ನೀವೂ ಫಿಲ್ಟರ್ ಬದಲಿಸುವವರಾದರೆ, ಹೊಸದರ ಪಾಕೀಟು ಒಡೆಯುವ ಮುಂಚೆ ಹಳೆಯ ರಿಂಗು ಕೈಗೆ ಬಂದಿದೆಯೇ ನೋಡಿಕೊಳ್ಳಿ. ಕೈಯಲ್ಲಿ ಇಲ್ಲವೆಂದರೆ ಅದು ಇನ್ನೂ ಗಾಡಿಯಲ್ಲೇ ಇದೆ.