ಬಲಗಡೆಯ ಅಂಕಣ

ನಾಟಕ ಬರೆದವರಿಗೆ ಅಕಾಡೆಮಿ ಪ್ರಶಸ್ತಿ ಕೊಡುತ್ತದೆ. ಪಾಠ ಟಿಪ್ಪಣಿ ಬರೆದವರಿಗೆ ಮುಖ್ಯ ಶಿಕ್ಷಕರು ‘ನೋಡಿದೆ’ ಎಂದು ಸಹಿ ಹಾಕುತ್ತಾರೆ. ಕೆಲಸ ಮಾತ್ರ ಎರಡೂ ಒಂದೇ. ಪುಟದ ನಡುವೆ ಗೆರೆ ಎಳೆದು ಎಡಕ್ಕೆ ಶಿಕ್ಷಕರ ಚಟುವಟಿಕೆ, ಬಲಕ್ಕೆ ವಿದ್ಯಾರ್ಥಿಗಳ ಚಟುವಟಿಕೆ ಎಂದು ಬರೆದುಕೊಂಡರಾಯಿತು. ಆರನೇ ತರಗತಿಯ ಮಕ್ಕಳು ನಾಳೆ ಇಂಗ್ಲಿಷಿನಲ್ಲಿ ಏನೇನು ಮಾತಾಡುತ್ತಾರೆ ಎಂಬುದನ್ನು ನಾನು ಇವತ್ತು ರಾತ್ರಿ ಊಟಕ್ಕೆ ಮೊದಲೇ ಬರೆದು ಮುಗಿಸಿರುತ್ತೇನೆ. ಬಲಗಡೆಯ ಅಂಕಣದ ಆ ಮಕ್ಕಳು ಬಲು ಜಾಣರು. ಪೂರ್ಣ ವಾಕ್ಯದಲ್ಲೇ ಉತ್ತರಿಸುತ್ತಾರೆ. ಕ್ರಿಯಾಪದಕ್ಕೆ ‘ಎಸ್’ ಹಚ್ಚಲು ಮರೆಯುವುದಿಲ್ಲ. ಒಬ್ಬನೂ ನಡುವೆ ಎದ್ದು ಒಂದಕ್ಕೆ ಕೇಳುವುದಿಲ್ಲ.

ಬಿ.ಇಡ್. ಓದುವಾಗ ನಮಗೆ ಹರ್ಬಾರ್ಟನ ಪಂಚ ಸೋಪಾನ ಹತ್ತಿಸಿದ್ದರು. ಆ ಜರ್ಮನ್ ಪಂಡಿತ ತೀರಿಕೊಂಡದ್ದು 1841ರಲ್ಲಿ. ಐದು ಮೆಟ್ಟಿಲು ಕಟ್ಟಿದವರು ಅವನ ಶಿಷ್ಯರು. ಹಾಗಾಗಿ ಅವನನ್ನು ಬೈಯುವಂತಿಲ್ಲ. ಈಗ ಕಾಲ ಬದಲಾಗಿದೆ, ಇಂಗ್ಲಿಷಿನ ಐದು ‘ಇ’ಗಳು ಬಂದಿವೆ: ತೊಡಗಿಸುವುದು, ಪರಿಶೋಧಿಸುವುದು, ವಿವರಿಸುವುದು, ವಿಸ್ತರಿಸುವುದು, ಮೌಲ್ಯಮಾಪನ. 1980ರ ದಶಕದಲ್ಲಿ ಅಮೆರಿಕದವರು ವಿಜ್ಞಾನದ ಪಾಠಕ್ಕೆಂದು ಮಾಡಿಕೊಂಡದ್ದನ್ನು ನಾವು ಇಂಗ್ಲಿಷ್ ಪದ್ಯಕ್ಕೂ ತೊಡಿಸಿದ್ದೇವೆ. ಪದ್ಯವನ್ನು ಪರಿಶೋಧಿಸುವುದು ಹೇಗೆಂದು ತರಬೇತಿಯಲ್ಲಿ ಕೇಳಿದೆ. ಅಷ್ಟರಲ್ಲಿ ಚಹಾ ಬಂತು.

ನಮ್ಮ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಗೇ ಇಂಗ್ಲಿಷ್ ಇದೆ. ಆರನೆಯವರಿಗೆ ಅದು ಹಳೆಯ ನೆಂಟ ಆಗಿರಬೇಕಲ್ಲ ಎಂಬ ಧೈರ್ಯದ ಮೇಲೆ ವರ್ತಮಾನದಲ್ಲಿ ನಡೆಯುತ್ತಿರುವ ಕ್ರಿಯೆಯ ಪಾಠ ಬರೆದುಕೊಂಡೆ. ಎಡಗಡೆ: ಶಿಕ್ಷಕರು ಬಾಗಿಲು ತೆರೆಯುತ್ತ, ‘ವಾಟ್ ಆಮ್ ಐ ಡೂಯಿಂಗ್?’ ಎನ್ನುವರು. ಬಲಗಡೆ: ‘ಯು ಆರ್ ಓಪನಿಂಗ್ ದ ಡೋರ್, ಸರ್.’ ತರಗತಿಯಲ್ಲಿ ಬಾಗಿಲಿಗೆ ಕೈ ಹಾಕಿದೆನೋ ಇಲ್ಲವೋ, ಹಿಂದಿನಿಂದ ಕೂಗು: ‘ಸರ, ಜಗ್ಗಬ್ಯಾಡ್ರಿ, ಬಾಗ್ಲಾ ಕಳಚಿ ಬೀಳ್ತೈತಿ!’ ನಡೆಯುತ್ತಿರುವ ಕ್ರಿಯೆಯನ್ನು ಇದಕ್ಕಿಂತ ಚೆನ್ನಾಗಿ ಗಮನಿಸಲು ಸಾಧ್ಯವಿಲ್ಲ, ಆದರೆ ಅಂಕಣದಲ್ಲಿ ಅದಕ್ಕೆ ಜಾಗ ಇರಲಿಲ್ಲ.

ಇನ್ನು ಕಲಿಕೋಪಕರಣ. ಕಡಿಮೆ ಖರ್ಚಿನದಾಗಿರಬೇಕೆಂದು ಸೂಚನೆ ಇರುವುದರಿಂದ ನಮ್ಮ ಮಿಂಚುಪಟ್ಟಿಗಳೆಲ್ಲ ಹಳೆಯ ಲಗ್ನಪತ್ರಿಕೆಗಳೇ. ಖಾಲಿ ಬದಿಯಲ್ಲಿ ಕುದುರೆ ಬರೆದು ಎತ್ತಿ ಹಿಡಿದೆ. (ಕುದುರೆಯೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು.) ಮಕ್ಕಳಿಗೆ ಬೇಕಾದದ್ದು ಹಿಂಬದಿ. ‘ಸರ, ಇದು ನಮ್ಮ ಮಾಮಾನ ಲಗ್ನದ್ದು!’ ಎಂದು ಒಬ್ಬಳು ಎದ್ದಳು. ಕುದುರೆ ಅಲ್ಲಿಗೆ ಮುಗಿಯಿತು. ಆ ಲಗ್ನಕ್ಕೆ ಅರ್ಧ ತರಗತಿ ಹೋಗಿತ್ತು. ಅವತ್ತೇ ಪಾಠ ಪರಿಶೀಲಿಸಲು ಬಂದಿದ್ದ ಸಿಆರ್‌ಪಿ ಸಾಹೇಬರು ಹಿಂದಿನ ಬೆಂಚಿನಲ್ಲಿ ನನ್ನ ಟಿಪ್ಪಣಿ ತೆರೆದುಕೊಂಡು ಕೂತಿದ್ದರಿಂದ, ‘ಹೇಳೂದಾದ್ರ ಇಂಗ್ಲಿಷಿನ್ಯಾಗ ಹೇಳ್ರಿ’ ಎಂದು ಗದರಿದೆ. ಸುಮ್ಮನಾಗುತ್ತಾರೆಂದು ನನ್ನ ಲೆಕ್ಕ.

‘ಸರ್, ಟಂಟಂ ಗೋ. ಆಲ್ ಗೋ. ಈಟ್ ಬುಂದಿ.’

‘ಸರ್, ಹೀ ಟೂ ಟೈಮ್ ಈಟ್!’

‘ನೋ ಸರ್! ಹೀ ತ್ರೀ ಟೈಮ್!’

ಗಂಟೆ ಬಾರಿಸಿದರೂ ಜಗಳ ನಿಲ್ಲಲಿಲ್ಲ. ಸಾಹೇಬರು ಬಲಗಡೆಯ ಅಂಕಣದ ಮೇಲೆ ಬೆರಳಾಡಿಸುತ್ತ ಬಂದರು.

‘ಬುಂದಿ ಯಾವ ‘ಇ’ ಒಳಗ ಬರ್ತೈತ್ರಿ, ಸರ?’

‘ವಿಸ್ತರಣೆ ಅಂತ ಬರ್ಕೋರಿ’ ಎಂದೆ. ಬರೆದುಕೊಂಡರು.