ಟೋಪಿ ಹಾಕಿದ ಬ್ರೆಡ್ಡು

ಮಗಳು ಬೆಂಗಳೂರಿನ ಕೆಫೆಯೊಂದರಲ್ಲಿ ‘ಕ್ರೋಕ್ ಮದಾಮ್’ ತಿಂದು ಬಂದಳು. ಬಿಲ್ಲಿನ ಮೊತ್ತ ಕೇಳಿ, ‘ಆ ದುಡ್ಡಿಗೆ ಬಿಡದಿಯಲ್ಲಿ ಮನೆಮಂದಿಗೆಲ್ಲ ತಟ್ಟೆ ಇಡ್ಲಿ ಬರ್ತಿತ್ತು, ಮೇಲೆ ಬೆಣ್ಣೆ ಸಮೇತ’ ಅಂದೆ. ‘ಹಂಗಾದ್ರೆ ನೀನೇ ಮಾಡ್ಕೊಡಪ್ಪ’ ಅಂದಳು. ಬಾಯಿ ಬಿಟ್ಟವನು ಬಾಣಲೆ ಹಿಡಿಯಲೇಬೇಕಾಯಿತು.

ಪ್ಯಾರಿಸ್ಸಿನ ಕೆಫೆಗಳಲ್ಲಿ 1910ರ ಹೊತ್ತಿಗೇ ‘ಕ್ರೋಕ್ ಮೊಸ್ಯೂ’ ಇತ್ತಂತೆ. ಎರಡು ಬ್ರೆಡ್ಡಿನ ನಡುವೆ ಹ್ಯಾಮ್, ಗ್ರುಯೇರ್ ಚೀಸ್; ಮೇಲೆ ಬಿಳಿ ಸಾಸ್. ಕಚ್ಚಿದರೆ ಕರುಂ ಅನ್ನಬೇಕು. ‘ಕ್ರೋಕ್’ ಅಂದರೆ ಅದೇ. ನೆತ್ತಿಗೊಂದು ಹಾಫ್ ಬಾಯ್ಲ್ ಕೂರಿಸಿದರೆ ಮೊಸ್ಯೂ ಹೋಗಿ ಮದಾಮ್ ಆಗುತ್ತದೆ. ಮೊಟ್ಟೆ ಹೆಂಗಸರ ಟೋಪಿಯ ಹಾಗೆ ಕಾಣುತ್ತದೆ ಅನ್ನುವುದು ಕಾರಣವಂತೆ. ಒಂದು ಮೊಟ್ಟೆಗೆಲ್ಲ ಹೆಸರು ಬದಲಾಯಿಸುವುದೇ ಅಂತ ನಗುವಂತಿಲ್ಲ. ನಾನು ರಾಮನಗರದವನು. ನಮ್ಮೂರು ಶಂಸೇರಾಬಾದ್ ಆಗಿ, ಕ್ಲೋಸ್‌ಪೇಟೆ ಆಗಿ, ರಾಮನಗರವಾಗಿ, 2025ರಲ್ಲಿ ಜಿಲ್ಲೆಯೇ ಬೆಂಗಳೂರು ದಕ್ಷಿಣವಾಯಿತು. ಬಂಡೆಗಳು ಮಾತ್ರ ಇದ್ದಲ್ಲೇ ಇವೆ.

ಅವ್ವನಿಗೆ ಹೆದರಿ ಹ್ಯಾಮ್ ಬಿಟ್ಟೆ. ಉಳಿದದ್ದು ಸಾಸ್. ಬೆಣ್ಣೆ ಕರಗಿಸಿ, ಅಷ್ಟೇ ಮೈದಾ ಹಾಕಿ ಹಸಿವಾಸನೆ ಹೋಗುವಂತೆ ಹುರಿದು, ಹಾಲನ್ನು ಸ್ವಲ್ಪಸ್ವಲ್ಪವೇ ಬೆರೆಸಬೇಕು. ಸ್ವಲ್ಪಸ್ವಲ್ಪ ಅನ್ನುವುದು ನನ್ನ ಜಾತಕದಲ್ಲಿಲ್ಲ. ಲೋಟ ಬಗ್ಗಿಸಿದೆ.

ಅವ್ವ ಇಣುಕಿದಳು. ‘ಗಂಟು ಕಟ್ಟೈತಲ್ಲೋ! ಹಿಟ್ಟಿನ ಕೋಲು ತಗಾ.’ ಫ್ರಾನ್ಸಿನ ಸಾಸನ್ನು ಪಾತ್ರೆಯ ಮಗ್ಗುಲಿಗೆ ಒತ್ತಿ, ಮುದ್ದೆ ತೊಳಸುವ ಹಾಗೆ ತೊಳಸಿದಳು. ಗಂಟೊಂದೂ ಉಳಿಯಲಿಲ್ಲ. ‘ಮೊಟ್ಟೆ ಎಷ್ಟು ತಂದೆ?’

‘ಮೂರು.’

‘ನಿಮ್ಮಪ್ಪ ನೂರಕ್ಕೆ ಕಮ್ಮಿ ತತ್ತಿರ್ನಿಲ್ಲ!’

ಮಗಳು ಕಣ್ಣರಳಿಸಿದಳು. ಅವ್ವ ಹೇಳಿದ್ದು ರೇಷ್ಮೆ ಮೊಟ್ಟೆ. ಮಾಗಡಿ, ಕನಕಪುರ, ಚನ್ನಪಟ್ಟಣ, ಯಾವ ಕಡೆಯ ಬೆಳೆಗಾರರನ್ನು ಕೇಳಿದರೂ ನೂರು ಮೊಟ್ಟೆ ಅಂದರೆ ನೂರು ಚಿಟ್ಟೆ ಇಟ್ಟ ತತ್ತಿ, ಸುಮಾರು ನಲವತ್ತು ಸಾವಿರ ಹುಳು. ಅಷ್ಟಕ್ಕೂ ಹಗಲೂ ರಾತ್ರಿ ಹಿಪ್ಪುನೇರಳೆ ಸೊಪ್ಪು ಉಣಿಸಿದವಳ ಮುಂದೆ ನಾನು ಮೂರು ಜನಕ್ಕೆ ತಿಂಡಿ ಮಾಡುತ್ತ ಬೆವರುತ್ತಿದ್ದೆ.

ಆ ಹುಳುಗಳಿಗೂ ಒಂದು ಗಂಟುರೋಗವಿದೆ. ಅದು ಫ್ರಾನ್ಸಿನ ರೇಷ್ಮೆಯನ್ನೇ ನೆಲಕ್ಕೆ ಕೆಡವಿದಾಗ, 1865ರಲ್ಲಿ ಲೂಯಿ ಪಾಸ್ಚರ್ ದಕ್ಷಿಣದ ಅಲೆಸ್ ಪಟ್ಟಣಕ್ಕೆ ಹೋದ. ರೇಷ್ಮೆಹುಳುವಿನ ಗಂಧಗಾಳಿ ಆತನಿಗಿರಲಿಲ್ಲ. ವರ್ಷಗಟ್ಟಲೆ ಒದ್ದಾಡಿ ಉಪಾಯ ಕಂಡುಕೊಂಡ: ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡು, ರೋಗದ ಕಣ ಕಂಡರೆ ಆ ಮೊಟ್ಟೆ ನಾಶಮಾಡು. ನಮ್ಮ ಬಿತ್ತನೆ ಕೋಠಿಗಳಲ್ಲಿ ಇವತ್ತಿಗೂ ನಡೆಯುವುದು ಆ ಪರೀಕ್ಷೆಯೇ. ಅಲ್ಲಿಗೆ, ಅವರ ಗಂಟನ್ನು ನಮ್ಮವ್ವ ಬಿಡಿಸುವುದಕ್ಕೆ ಎಷ್ಟೋ ಮುಂಚೆಯೇ ನಮ್ಮ ಗಂಟಿಗೆ ಅವರು ಮದ್ದು ಹುಡುಕಿದ್ದರು. ಲೆಕ್ಕ ಚುಕ್ತಾ.

ನಮ್ಮಲ್ಲಿ ಓವನ್ ಇಲ್ಲ. ಕಾವಲಿಯ ಮೇಲಿಟ್ಟು ಮುಚ್ಚಳ ಮುಚ್ಚಿದೆ. ಚೀಸ್ ಕರಗಿತು, ತಳ ಸ್ವಲ್ಪ ಕರಿದಾಯಿತು. ಅದನ್ನು ಕರುಂ ಅಂತ ಕರೆದೆ. ಹಾಫ್ ಬಾಯ್ಲ್ ಜಾರಿ ಪಕ್ಕಕ್ಕೆ ಬಿತ್ತು. ಎತ್ತಿ ಕೂರಿಸುತ್ತ, ‘ಅವ್ವ, ಇದು ಟೋಪಿ’ ಅಂದೆ.

‘ಗೊತ್ತು ಕಣ, ಬ್ರೆಡ್ ಆಮ್ಲೆಟ್ ಮಾಡಿ ನಂಗೆ ಟೋಪಿ ಹಾಕ್ತಿದ್ದೀಯ.’

ಆದರೂ ತಟ್ಟೆಯಲ್ಲಿ ಹರಿದ ಹಳದಿಯನ್ನು ಬ್ರೆಡ್ಡಿನ ಅಂಚಿನಿಂದ ಬಳಿದು ಬಳಿದು ತಿಂದಳು. ಪಾತ್ರೆಯಲ್ಲಿ ಉಳಿದ ಸಾಸಿಗೆ ಸಾಸಿವೆ, ಬ್ಯಾಡಗಿ ಮೆಣಸಿನಕಾಯಿ ಒಗ್ಗರಣೆ ಕೊಟ್ಟಿಟ್ಟಿದ್ದಾಳೆ. ರಾತ್ರಿ ಮುದ್ದೆಗಂತೆ.