ಕತ್ತಲೆಯ ಖರ್ಚು

ಮೇಣದಬತ್ತಿಯ ಬೆಳಕನ್ನು ತೈಲವರ್ಣದಲ್ಲಿ ಹಿಡಿಯಬೇಕೆಂದು ಹೊರಟರೆ ಬತ್ತಿ, ಬಣ್ಣ, ಕುಂಚ ಎಲ್ಲ ಅಂಗಡಿಯಲ್ಲಿ ಸಿಗುತ್ತವೆ, ಕತ್ತಲೆ ಸಿಗುವುದಿಲ್ಲ. ಒಂದು ಕಾಲಕ್ಕೆ ಕರೆಂಟು ಹೇಳದೆ ಕೇಳದೆ ಹೋಗಿ ಅದನ್ನು ಪುಕ್ಕಟೆ ಒದಗಿಸುತ್ತಿತ್ತು. ಈಗ ಅದು ಹೋಯಿತೆಂದು ತಿಳಿಯುವ ಮೊದಲೇ ಯುಪಿಎಸ್ ಎದ್ದು ಕೂರುತ್ತದೆ. ನಾವೇ ಲೈಟು ಆರಿಸೋಣವೆಂದರೆ ಅಮ್ಮ ಬಿಡಬೇಕಲ್ಲ.

“ಮುಸ್ಸಂಜೆ ಹೊತ್ತಲ್ಲಿ ಮನೆ ಕತ್ಲೆ ಮಾಡ್ತಾರೇನೋ? ಲಕ್ಷ್ಮಿ ಬಾಗ್ಲ ತನಕ ಬಂದು ಹಾಗೇ ವಾಪಸ್ ಹೋಗ್ತಾಳೆ.”

“ದೀಪಾನೇ ಹಚ್ತಿದೀನಲ್ಲಮ್ಮ.”

“ಅದೆಂಥ ದೀಪ! ಕರೆಂಟ್ ಹೋದಾಗ ಹಚ್ಚೋದು.”

ಹೇಗೋ ಲಕ್ಷ್ಮಿ ಒಳಗೆ ಬಂದಾದ ಮೇಲೆ, ಊಟ ಮುಗಿದ ಮೇಲೆ ಕೂರಬೇಕು. ಬತ್ತಿಯ ಬೆಳಕು ಎದುರಿನ ಹೂಜಿಯ ಮೇಲೆ ಸೊಗಸಾಗಿ ಬೀಳುತ್ತದೆ, ಪ್ಯಾಲೆಟ್ ಮೇಲೆ ಬೀಳುವುದಿಲ್ಲ. ಬಿದ್ದರೂ ಆ ಹಳದಿ ಬೆಳಕಿನಲ್ಲಿ ಬಿಳಿಗೂ ತಿಳಿಹಳದಿಗೂ ವ್ಯತ್ಯಾಸ ಕಾಣದು. ಕಡುನೀಲಿ, ಕಪ್ಪು ಎರಡೂ ಒಂದೇ. ಸ್ಪೇನಿನ ಗೋಯಾ ಚಿತ್ರಗಳ ಕೊನೆಯ ತಿದ್ದುಪಡಿಯನ್ನು ರಾತ್ರಿ ದೀಪದ ಬೆಳಕಿನಲ್ಲೇ ಮಾಡುತ್ತಿದ್ದನೆಂದು ಅವನ ಮಗ ಬರೆದಿದ್ದಾನೆ. ಅದಕ್ಕೆ ಆತ ಕಂಡುಕೊಂಡ ಉಪಾಯ ಟೋಪಿ. ಸುತ್ತಲೂ ಬತ್ತಿ ಸಿಕ್ಕಿಸುವ ಟೋಪಿ ಹಾಕಿಕೊಂಡು ಕ್ಯಾನ್ವಾಸಿನ ಮುಂದೆ ನಿಂತ ತನ್ನನ್ನೇ 1790ರ ದಶಕದ ಮೊದಲರ್ಧದಲ್ಲಿ ಚಿತ್ರಿಸಿಕೊಂಡಿದ್ದಾನೆ. ಮೆರವಣಿಗೆಯಲ್ಲಿ ಗ್ಯಾಸ್‌ಲೈಟು ಹೊರುವವನೂ ಮದುಮಗನೂ ಒಬ್ಬನೇ ಆದ ಹಾಗೆ.

ಡಚ್ ಕಲಾವಿದ ಸ್ಖಾಲ್ಕನ್ (1643–1706) ಮೇಣದಬತ್ತಿಯ ಚಿತ್ರಗಳಿಗೇ ಹೆಸರಾದವನು. ಇಂಗ್ಲೆಂಡಿನ ದೊರೆ ಮೂರನೆಯ ವಿಲಿಯಂನ ಕೈಗೇ ಬತ್ತಿ ಕೊಟ್ಟು ನಿಲ್ಲಿಸಿದನಂತೆ. ಅದು ಕರಗಿ ದೊರೆಯ ಬೆರಳ ಮೇಲೆ ಇಳಿಯುತ್ತಿದ್ದರೂ ಈತ ಬರೆಯುತ್ತಲೇ ಇದ್ದನಂತೆ. ಹೊರೇಸ್ ವಾಲ್ಪೋಲ್ ಬರೆದಿಟ್ಟ ಕಥೆ. ನಿಜವೋ ಸುಳ್ಳೋ, ನನಗಂತೂ ಹೂಜಿಯೇ ವಾಸಿ. ಅದು ತಲೆ ತೆಗೆಸುವುದಿಲ್ಲ.

ನಿಜವಾದ ತೊಡಕು ಬೇರೆಯೇ. ಬಣ್ಣದ ಟ್ಯೂಬಿನಲ್ಲಿ ಬೆಳಕಿಲ್ಲ. ಟೈಟಾನಿಯಂ ವೈಟ್ ಎಷ್ಟು ಬೆಳ್ಳಗಿದ್ದರೂ ಕೋಣೆಯ ಬೆಳಕನ್ನೇ ವಾಪಸು ಕೊಡುತ್ತದೆ, ಕೈಯಿಂದ ಒಂದು ಕಾಸೂ ಸೇರಿಸುವುದಿಲ್ಲ. ಹಾಗಾಗಿ ಜ್ವಾಲೆ ಉರಿಯುವಂತೆ ಕಾಣಬೇಕಾದರೆ ಉಳಿದದ್ದನ್ನೆಲ್ಲ ತಗ್ಗಿಸಬೇಕು. ಮೊದಲು ಕ್ಯಾನ್ವಾಸಿಗೆಲ್ಲ ಬರ್ನ್ಟ್ ಅಂಬರ್ ಬಳಿಯುವುದು. ಅದರಲ್ಲಿ ಮ್ಯಾಂಗನೀಸ್ ಇರುವುದರಿಂದ ಬೇಗ ಒಣಗುತ್ತದೆ. ಕಪ್ಪು ಮಾತ್ರ ದಿನಗಟ್ಟಲೆ ಸತಾಯಿಸುತ್ತದೆ. ಅದರ ಮೇಲೆ ಅಗಸೆ ಎಣ್ಣೆ ಬೆರೆಸಿದ ತೆಳು ಪದರ, ಒಣಗಿದ ಮೇಲೆ ಇನ್ನೊಂದು. ಮುಕ್ಕಾಲು ಬಣ್ಣವೂ ಮುಕ್ಕಾಲು ತಾಳ್ಮೆಯೂ ಕತ್ತಲೆಗೇ ಸಂದು, ಜ್ವಾಲೆಯ ಪಾಲಿಗೆ ಉಳಿಯುವುದು ಚಿಟಿಕೆಯಷ್ಟು ದಪ್ಪ ಬಿಳಿಹಳದಿ. ಉರಿಯೆಂದರೆ ಕೆಂಪೆಂದು ಬಳಿಯಲು ಕೈ ತುರಿಸುತ್ತದೆ. ಆದರೆ ಕೆಂಪು ಇರುವುದು ಅಲ್ಲಲ್ಲ, ಬೆಳಕಿಗೆ ಅಡ್ಡ ಹಿಡಿದ ಬೆರಳುಗಳ ಸಂದಿಯಲ್ಲಿ. ಜಾರ್ಜ್ ದ ಲಾ ತೂರ್ ಇದನ್ನು ಚೆನ್ನಾಗಿ ಬಲ್ಲ. ಲೂವ್ರ್‌ನಲ್ಲಿರುವ ಅವನ ‘ಬಡಗಿ ಜೋಸೆಫ್’ ಚಿತ್ರದಲ್ಲಿ ಬಾಲಯೇಸುವಿನ ಅಂಗೈಯೊಳಗಿಂದಲೇ ಬೆಳಕು ಹಾಯುತ್ತದೆ. ನೋಡುವವರ ಕಣ್ಣು ಜ್ವಾಲೆಯನ್ನು ಬಿಟ್ಟು ಆ ಬೆರಳುಗಳಿಗೇ ಅಂಟಿಕೊಳ್ಳುತ್ತದೆ.

ಇಷ್ಟೆಲ್ಲ ಎಣ್ಣೆ ಸುರಿದವರ ಜಂಬ ಇಳಿಸುವುದಕ್ಕೆ ಮೈಸೂರಿನ ಜಗನ್ಮೋಹನ ಅರಮನೆಯಿದೆ. ದೀಪಕ್ಕೆ ಅಂಗೈ ಅಡ್ಡ ಹಿಡಿದು ನಿಂತ ಆ ಹೆಂಗಸಿನ ಮುಂದೆ, “ರವಿವರ್ಮಂದು, ಆಯಿಲ್ ಪೇಂಟಿಂಗು” ಎಂದು ಮನೆಯವರಿಗೆ ವಿವರಿಸುವ ಒಬ್ಬರಾದರೂ ಇದ್ದೇ ಇರುತ್ತಾರೆ. ಬರೆದವರು ಎಸ್.ಎಲ್. ಹಲ್ದಂಕರ್, ದೀಪ ಹಿಡಿದು ನಿಂತವರು ಅವರ ಮಗಳು ಗೀತಾ. ಅದು ಜಲವರ್ಣ. ತೈಲವರ್ಣದಲ್ಲಿ ಕೆಟ್ಟದ್ದನ್ನು ಕೆರೆದು ಮತ್ತೆ ಬಳಿಯಬಹುದು. ಜಲವರ್ಣದಲ್ಲಿ ಬೆಳಕೆಂದರೆ ಮುಟ್ಟದೆ ಬಿಟ್ಟ ಕಾಗದ, ಮುಟ್ಟಿದರೆ ಹೋಯಿತು.

ಹೋದ ಸಲ ಅಲ್ಲಿಗೆ ಶಾಲೆಯ ಮಕ್ಕಳು ಬಂದಿದ್ದರು. ಒಬ್ಬ ಹುಡುಗ ಚೌಕಟ್ಟಿನ ಪಕ್ಕದಿಂದ ಬಗ್ಗಿ, ಹಿಂದೆ ಬಲ್ಬು ಎಲ್ಲಿಟ್ಟಿದ್ದಾರೆಂದು ಹುಡುಕುತ್ತಿದ್ದ. “ಬಲ್ಬು ಇಲ್ಲ ಕಣೋ, ಬರೀ ನೀರು, ಬಣ್ಣ” ಎಂದರು ಮೇಷ್ಟ್ರು. ಹುಡುಗ ನಂಬಲಿಲ್ಲ. ಅವನು ಅತ್ತ ಹೋದ ಮೇಲೆ ನಾನೂ ಒಮ್ಮೆ ಬಗ್ಗಿದೆ.